ಕುರ್ಚಿ ಹಿಂದಕ್ಕೆ ವಾಲಿದಾಗ

ಆ ಭಾನುವಾರ ಏನೇನು ಕೆಡಬಹುದೆಂದು ನಾನು ಶನಿವಾರವೇ ಯೋಚಿಸಿ ಮುಗಿಸಿದ್ದೆ. ನನ್ನ ರೋಗಿಯೊಬ್ಬರ ತಮ್ಮ ಬರದೇ ಇರಬಹುದು. ಬಂದರೂ ತಾಯಿಯನ್ನು ಜೊತೆಗೆ ಕರೆತರಬಹುದು. ಅಕ್ಕ ಮಾತು ಶುರು ಮಾಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಕೆನ್ನೆ ಊದಿಸಿಕೊಂಡು ಮೆಟ್ಟಿಲು ಹತ್ತಿ ಬರಬಹುದು. ಹಲ್ಲುನೋವಿಗೆ ಭಾನುವಾರವೆಂದರೆ ವಿಶೇಷ ಪ್ರೀತಿ. ತಮ್ಮ ನಂಬದೇ ಇರಬಹುದು. ನಂಬಿ, ನೇರವಾಗಿ ಮಲ್ಲೇಶ್ವರಕ್ಕೆ ಹೋಗಿ ಒಬ್ಬ ಮುದುಕನ ಮೇಲೆ ಕೈ ಮಾಡಿಬಿಡಬಹುದು. ಕೆಳಗಿನ ಮನೆಯ ಮಾಲೀಕರು ಗದ್ದಲ ಕೇಳಿ ಬಂದು, ಬಾಡಿಗೆಗೆ ಕೊಟ್ಟದ್ದು ಕ್ಲಿನಿಕ್ಕಿಗೆ, ಪಂಚಾಯಿತಿಗಲ್ಲ ಎನ್ನಬಹುದು. ಅಕ್ಕ ಅರ್ಧ ಹೇಳಿ ನಿಲ್ಲಿಸಿಬಿಡಬಹುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಮಾರನೆಯ ಬೆಳಿಗ್ಗೆ ತಮ್ಮನ ಒಂಬತ್ತು ವರ್ಷದ ಮಗಳು ಬೇಸಿಗೆ ರಜೆ ಕಳೆಯಲು ಮಲ್ಲೇಶ್ವರದ ಆ ಮನೆಗೆ ಹೊರಡುವವಳಿದ್ದಳು. ಅವಳ ಅತ್ತೆಯ ಮೇಲೆ, ಅಂದರೆ ಆ ಅಕ್ಕನ ಮೇಲೆ, ಅದೇ ವಯಸ್ಸಿನಲ್ಲಿ, ಅದೇ ಮನೆಯ ಹಿರಿಯರಿಂದ ಲೈಂಗಿಕ ದೌರ್ಜನ್ಯ ನಡೆದಿತ್ತು. ಅದನ್ನು ತಮ್ಮನಿಗೆ ಹೇಳಲು ಅವರು ಆರಿಸಿಕೊಂಡ ಜಾಗ ನನ್ನ ಹಲ್ಲಿನ ಆಸ್ಪತ್ರೆ.

ಹಲ್ಲಿನ ಡಾಕ್ಟರಿಗೂ ಇದಕ್ಕೂ ಏನು ಸಂಬಂಧ ಎಂದು ನನ್ನ ಹೆಂಡತಿಯೂ ಆಗ ಕೇಳಿದಳು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಶಂಕರಪುರಂನ ಒಂದು ಹಳೆಯ ಮನೆಯ ಮಹಡಿಯಲ್ಲಿ ತೊಂಬತ್ತರ ದಶಕದ ಮೊದಲಲ್ಲಿ ಬೋರ್ಡು ಹಾಕಿದೆ. ಕತ್ತಿನ ಮೂಳೆ ಸವೆದು, ಬಗ್ಗಿದರೆ ಎಡಗೈ ಜೋಮು ಹಿಡಿಯತೊಡಗಿದ ಮೇಲೆ, ಐವತ್ತು ದಾಟುತ್ತಲೇ ಬೋರ್ಡು ಇಳಿಸಿದೆ. ಈ ವಯಸ್ಸಿಗೇ ರಿಟೈರಾ ಎಂದು ಗಾಂಧಿ ಬಜಾರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅವರಿಗೆ ಕತ್ತು ತಿರುಗಿಸಿ ತೋರಿಸುತ್ತೇನೆ. ಅಂದರೆ, ಅದು ತಿರುಗದಿರುವುದನ್ನು ತೋರಿಸುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ರೂಟ್ ಕೆನಾಲ್ ಹೇಳಿಕೊಡಲು ನನಗಿಂತ ಬಲ್ಲವರು ಎಷ್ಟೋ ಜನರಿದ್ದಾರೆ. ನಾನು ಹೇಳುವುದು ಕುರ್ಚಿಯ ವಿಷಯ.

ನಾನು ಕೆಲಸ ಕಲಿತದ್ದು ಚಾಮರಾಜಪೇಟೆಯ ಒಬ್ಬ ಹಿರಿಯ ವೈದ್ಯರ ಬಳಿ. ಎಲ್ಲರೂ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ಹಾಗಾಗಿ ನಾನು ತಾನಾಗಿಯೇ ಚಿಕ್ಕ ಡಾಕ್ಟ್ರು ಆದೆ, ಮದುವೆಯಾಗಿ ಕೂದಲು ಉದುರಿದ ಮೇಲೂ. ಅವರ ಕೈ ಬಹಳ ಚುರುಕು. ಹಲ್ಲು ಹೊರಗೆ ಬಂದದ್ದು ರೋಗಿಗೆ ತಿಳಿಯುವಷ್ಟರಲ್ಲಿ ಹತ್ತಿ ಇಟ್ಟು ಆಗಿರುತ್ತಿತ್ತು. "ನಮ್ಮದು ಬಾಯಿ ಮಾತ್ರ ಕಣಯ್ಯ. ಬಾಯಿಂದ ಆಚೆಗಿರೋ ಮನುಷ್ಯನ್ನ ಬೇರೆ ಡಾಕ್ಟ್ರುಗಳು ನೋಡ್ಕೋತಾರೆ," ಎನ್ನುತ್ತಿದ್ದರು.

ಮಕ್ಕಳ ವಿಷಯದಲ್ಲಿ ಅವರದು ಒಂದು ಪದ್ಧತಿ. ತಾಯಿ ಕಾಲು ಹಿಡಿಯಬೇಕು, ಮನೆಯ ಹಿರಿಯರು ಯಾರಾದರೂ ತಲೆ ಹಿಡಿಯಬೇಕು. ದೊಡ್ಡ ಡಾಕ್ಟ್ರು ಮಗುವಿನ ಕಿವಿಯ ಹತ್ತಿರ ಬಗ್ಗಿ ಮೆತ್ತಗೆ ಹೇಳುತ್ತಿದ್ದರು: "ಜಾಣ ಮರಿ ಅಲ್ವಾ. ಒಂದೇ ನಿಮಿಷ. ಯಾರಿಗೂ ಹೇಳಲ್ಲ ನೀನು ಅತ್ತಿದ್ದು. ನಮ್ಮಿಬ್ಬರ ಗುಟ್ಟು." ಮಗು ಅಳು ನಿಲ್ಲಿಸುತ್ತಿತ್ತು. ಇದು ನನಗೆ ಮಂತ್ರದ ಹಾಗೆ ಕಂಡಿತು. ಮಧ್ಯದಲ್ಲಿ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದುದನ್ನೂ ಸೇರಿಸಿ ಹಾಗೆಯೇ ಬಾಯಿಪಾಠ ಮಾಡಿದೆ. ನನ್ನದೇ ಕ್ಲಿನಿಕ್ಕು ಆದಮೇಲೆ ದೊಡ್ಡವರಿಗೂ ಅದನ್ನೇ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಡಾಕ್ಟರು ತಮಾಷೆ ಮನುಷ್ಯ ಎಂಬ ಹೆಸರೂ ಬಂತು. ಒಳಗೆ ನಾನು ಸೂಜಿ ಮುರಿದರೆ, ಕರೆಂಟು ಹೋದರೆ, ಅಲರ್ಜಿ ಆದರೆ ಎಂದು ಬೆವರುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ವತ್ಸಲಾ ಬಂದರು. ಹೆಸರು ಅದಲ್ಲ. ಬರೆಯುತ್ತೇನೆಂದಾಗ, "ಹೆಸರೊಂದು ಬದಲಾಯ್ಸಿ, ಮಿಕ್ಕಿದ್ದು ಇರಲಿ," ಎಂದರು. ಬಸವನಗುಡಿಯವರು, ಹೈಸ್ಕೂಲಿನಲ್ಲಿ ಗಣಿತದ ಟೀಚರು, ನಲವತ್ತರ ಹತ್ತಿರದ ವಯಸ್ಸು. ಬಲಗೆನ್ನೆ ಊದಿತ್ತು. ದವಡೆ ಹಲ್ಲಿನ ಬುಡದಲ್ಲಿ ಕೀವು. ಈ ನೋವು ಎಂಥದೆಂದು ಅನುಭವಿಸಿದವರಿಗೆ ಗೊತ್ತು. ದೊಡ್ಡ ದೊಡ್ಡ ಗಂಡಸರು ನನ್ನ ಮೆಟ್ಟಿಲ ಮೇಲೆ ಕೂತು ಅತ್ತಿದ್ದಾರೆ. ವತ್ಸಲಾ ಕುರ್ಚಿಯಲ್ಲಿ ಕೂತರು, ಬಾಯಿ ತೆರೆದರು, ಎಲ್ಲ ಸರಿಯಾಗಿತ್ತು. ಕಾಲಲ್ಲಿ ಪೆಡಲ್ ಒತ್ತಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದೆ. ಅವರು ಎದ್ದು ಕೂತರು. ಮುಖದ ತುಂಬ ಬೆವರು.

"ಇವತ್ತು ಬೇಡ ಡಾಕ್ಟ್ರೇ. ಮಾತ್ರೆ ಬರ್ಕೊಡಿ."

ಬರೆದುಕೊಟ್ಟೆ. ಮುಂದಿನ ವಾರ ಬಂದರು. ಮತ್ತೆ ಕುರ್ಚಿ ವಾಲಿತು, ಮತ್ತೆ ಎದ್ದರು, ಮತ್ತೆ ಹೋದರು.

ನನಗೆ ಕುತೂಹಲ ಹಿಡಿಯಿತು. ಆತಂಕದ ಸ್ವಭಾವದವನ ಕುತೂಹಲ ಎಂದರೆ ಒಂದು ಕಾರಣ ಸಿಗುವ ತನಕ ಇಪ್ಪತ್ತು ಕಾರಣ ಹುಡುಕುವುದು. ಸೂಜಿಯ ಭಯವೇ? ಸೂಜಿ ಇನ್ನೂ ತೆಗೆದೇ ಇರಲಿಲ್ಲ. ಲವಂಗದೆಣ್ಣೆಯ ವಾಸನೆಯೇ? ಕಿಟಕಿ ತೆಗೆಸಿದೆ. ತಲೆಸುತ್ತೇ? ಕಿವಿಯ ಡಾಕ್ಟರ ಹತ್ತಿರ ಕಳಿಸಿದೆ. ಕಿವಿ ಚೆನ್ನಾಗಿದೆ ಎಂದು ಬಂತು. ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ ಎಂದು ನಾನೇ ಕುರ್ಚಿಯಲ್ಲಿ ಮಲಗಿ ನೋಡಿದೆ. ಆಗ ಬಾಗಿಲಲ್ಲಿ ನಿಂತ ನನ್ನ ಸಹಾಯಕಿ ರುಕ್ಮಿಣಿ, "ಸರ್, ನಿಮ್ಮ ಮುಖ ಬಗ್ಗಿ ಬರತ್ತಲ್ಲ, ಅದಕ್ಕೇ ಹೆದರ್ತಾರೇನೋ. ಮೀಸೆ ತೆಗೆದು ನೋಡಿ," ಎಂದಳು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಮಾರನೆಯ ದಿನ ಮೀಸೆ ಸಣ್ಣ ಮಾಡಿಸಿದೆ.

ಮೂರನೆಯ ಸಲ ಅವರು ಕುರ್ಚಿ ವಾಲಿದಾಗಲೂ ಅದರ ಹಿಡಿಗಳನ್ನು ಬಿಗಿಯಾಗಿ ಹಿಡಿದು ಮಲಗಿಯೇ ಉಳಿದರು. ನನಗೆ ಸಂತೋಷವಾಯಿತು. ಧೈರ್ಯ ತುಂಬೋಣವೆಂದು ಬಗ್ಗಿ, ಗಂಟಲು ಸರಿಮಾಡಿಕೊಂಡು, ನನ್ನ ಮಂತ್ರ ಹೇಳಿದೆ. ಜಾಣೆ ಅಲ್ವಾ. ಒಂದೇ ನಿಮಿಷ. ಯಾರಿಗೂ ಹೇಳಲ್ಲ.

ಅವರು ನನ್ನ ಕೈ ತಳ್ಳಿ ಇಳಿದುಹೋಗಿ ಕಿಟಕಿಯ ಹತ್ತಿರ ನಿಂತರು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ರುಕ್ಮಿಣಿ ನೀರು ತಂದುಕೊಟ್ಟಳು. ಕುಡಿಯಲಿಲ್ಲ.

"ಆ ಮಾತು ಹೇಳ್ಬೇಡಿ ಡಾಕ್ಟ್ರೇ."

"ಯಾವ ಮಾತು?"

"ಆ ಮೂರೂ." ಸ್ವಲ್ಪ ಹೊತ್ತು ಬೀದಿ ನೋಡಿದರು. "ನಾನು ಒಂಬತ್ತು ವರ್ಷದೋಳಿದ್ದಾಗ ಒಬ್ರು ಇದೇ ಮೂರು ಮಾತು ಹೇಳ್ತಿದ್ರು. ಇದೇ ವರಸೆ. ನಮ್ಮ ಸೋದರಮಾವ. ಲೆಕ್ಕದ ಪಾಠಕ್ಕೆ ಅಂತ ಮನೇಲಿ ಕಳಿಸೋರು. ಪಾಠದ ಕೋಣೇಲಿ ಬಾಗಿಲು ಹಾಕ್ಕೊಂಡು... ಲೆಕ್ಕ ಅಲ್ಲ ನಡೀತಿದ್ದಿದ್ದು. ನಿಮಗೆ ಅರ್ಥ ಆಯ್ತಲ್ಲ."

ಅರ್ಥವಾಯಿತು. ಆದರೆ ನನ್ನ ಬಾಯಿಂದ ಹೊರಟದ್ದು, "ಉಪ್ಪುನೀರಲ್ಲಿ ಮುಕ್ಕಳಿಸಿ," ಎಂಬ ಮಾತು. ಅವರು ನನ್ನನ್ನು ನೋಡಿ, ಆ ಸ್ಥಿತಿಯಲ್ಲೂ ಸ್ವಲ್ಪ ನಕ್ಕರು.

ಆಮೇಲೆ ಆ ಹಲ್ಲನ್ನು ಕುರ್ಚಿ ನೆಟ್ಟಗಿಟ್ಟುಕೊಂಡೇ ಗುಣ ಮಾಡಿದೆವು. ದವಡೆಯ ಕಡೆಯ ಹಲ್ಲನ್ನು ಹಾಗೆ ನೋಡಬೇಕಾದರೆ ಡಾಕ್ಟರು ಬಾವಿಗೆ ಇಣುಕುವವನ ಹಾಗೆ ಬಗ್ಗಬೇಕು. ನನ್ನ ಕತ್ತಿನ ಚರಿತ್ರೆ ಅಲ್ಲಿಂದ ಶುರು. ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಎಂಜಲು ಎಳೆಯುವ ನಳಿಕೆಯನ್ನು ಅವರೇ ಹಿಡಿದುಕೊಳ್ಳುತ್ತಿದ್ದರು. ಎಡಗೈ ಎತ್ತಿದರೆ ನಾನು ನಿಲ್ಲಿಸಬೇಕು ಎಂಬುದು ಒಪ್ಪಂದ. ಮೊದಲ ದಿನವೇ ಅವರು ಕೈ ಎತ್ತಿದಾಗ ನಾನು, "ಇನ್ನೊಂದು ಚೂರು," ಎಂದು ಮುಂದುವರಿಸಿದೆ. ಅವರು ಇಳಿದು ಚಪ್ಪಲಿ ಹಾಕಿಕೊಂಡು ಹೋದರು. ಮುಂದಿನ ಸಲ ಬಂದಾಗ ಹೇಳಿದರು: "ನಿಲ್ಲಿಸ್ತೀನಿ ಅಂದ್ಮೇಲೆ ನಿಲ್ಲಿಸ್ಬೇಕು ಡಾಕ್ಟ್ರೇ. ಇಲ್ಲ ಅಂದ್ರೆ ಮೊದಲೇ ನಿಲ್ಲಿಸಲ್ಲ ಅನ್ನಿ." ಹೊಸಬರು ಈ ಮಾತನ್ನು ಬರೆದಿಟ್ಟುಕೊಳ್ಳಿ. ಡ್ರಿಲ್ ಕೈಯಲ್ಲಿರುವವನಿಗೆ ಇನ್ನೊಂದು ಚೂರು ಎನ್ನುವುದು ಬಹಳ ಸುಲಭ.

ಬಾಯಿಯಲ್ಲಿ ಔಷಧಿ ಆರಲು ಬಿಟ್ಟ ಹೊತ್ತಿನಲ್ಲಿ ಅವರು ಒಂದೊಂದಾಗಿ ಹೇಳಿದರು, ನಾನು ಕೇಳಿದ್ದಕ್ಕಲ್ಲ. ಇಷ್ಟು ವರ್ಷವಾದರೂ ಬಾಗಿಲಿಗೆ ಬೆನ್ನು ಹಾಕಿ ಮಲಗಿಲ್ಲ. ಬಸ್ಸಿನಲ್ಲಿ ಹಿಂದೆ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ. ಮದುವೆ ಬೇಡವೆಂದದ್ದಕ್ಕೆ ಮನೆಯವರು ಜಾತಕದಲ್ಲಿ ದೋಷ ಹುಡುಕಿದರು. "ಮಾವ ಎಲ್ಲಾ ಮದುವೇಲೂ ಮುಂದಿನ ಸಾಲಲ್ಲಿ ಕೂತಿರ್ತಾರೆ. ನಾನು ಅಡುಗೆಮನೇಲಿ ಕಾಫಿ ಸೋಸ್ತಿರ್ತೀನಿ. ಎಷ್ಟು ಕೆಲಸ ಮಾಡ್ತಾಳೆ ಹುಡುಗಿ ಅಂತಾರೆ."

ಒಂದು ದಿನ ಅವರೇ ಕೇಳಿದರು: "ಆ ಮಾತನ್ನ ನೀವು ಎಷ್ಟು ಜನಕ್ಕೆ ಹೇಳಿರಬಹುದು? ಅದ್ರಲ್ಲಿ ನನ್ನಂಥೋರು ಎಷ್ಟು ಜನ ಸುಮ್ಮನೆ ನಕ್ಕಿರಬಹುದು?" ಆಪಾದನೆಯೇನಿರಲಿಲ್ಲ. ಗಣಿತದ ಟೀಚರಿಗೆ ಒಂದು ಲೆಕ್ಕ ಎದುರಾಗಿತ್ತು, ಅಷ್ಟೆ. ಇಂಥದ್ದು ಎಲ್ಲೋ ಪತ್ರಿಕೆಯ ಒಳಪುಟದಲ್ಲಿ, ನಾವು ಕಾಣದ ಊರಿನಲ್ಲಿ ನಡೆಯುವುದು ಎಂದುಕೊಂಡಿದ್ದವನು ನಾನು.

ಅಂದಿನಿಂದ ಮಂತ್ರ ಬಿಟ್ಟೆ. ಕುರ್ಚಿ ವಾಲಿಸುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳತೊಡಗಿದೆ: ಹಿಂದಕ್ಕೆ ಮಲಗುವುದೋ, ಬಾಯಿಯ ಹತ್ತಿರ ಕೈ ಬರುವುದೋ ನಿಮಗೆ ಕಷ್ಟವೇ? ಕಾರಣ ಹೇಳಬೇಕಾಗಿಲ್ಲ. ಮತ್ತಿಕೆರೆಯ ರೂಮಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ, "ಏನ್ ಸಾರ್, ಹೊಸ ರೂಲ್ಸಾ?" ಎಂದು ನಕ್ಕ. ಕುರ್ಚಿ ಅರ್ಧ ವಾಲಿದಾಗ, "ಬಾಗಿಲು ತೆಗೆದಿರಲಿ ಸಾರ್," ಎಂದ. ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ ನನ್ನನ್ನೇ ದಿಟ್ಟಿಸಿ, "ಇದನ್ನೆಲ್ಲ ಈಗ ಕೇಳ್ತಾರೇನಪ್ಪ?" ಎಂದು, ಹುಡುಗನನ್ನು ಹೊರಗೆ ಕೂರಲು ಹೇಳಿ, ನೆಟ್ಟಗೆ ಕೂತೇ ಹಲ್ಲು ಕೀಳಿಸಿಕೊಂಡರು. ಬ್ಯಾಂಕಿನಲ್ಲಿ ಯೂನಿಯನ್ ಲೀಡರಾಗಿದ್ದ ಒಬ್ಬರು ನನ್ನ ಹಳೆಯ ರೋಗಿ. ಆರಡಿ ಆಳು, ಮ್ಯಾನೇಜರುಗಳನ್ನು ಅಳಿಸುವ ಗಂಟಲು. ಪ್ರತಿ ಸಲ ಕುರ್ಚಿ ವಾಲಿದಾಗ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು, ನಾನು ರೇಗಿಸುತ್ತಿದ್ದೆ. ಪ್ರಶ್ನೆ ಕೇಳಿದ ದಿನ ಅವರು ಚಾವಣಿ ನೋಡುತ್ತ, "ಹಾಸ್ಟೆಲ್ಲು ಡಾಕ್ಟ್ರೇ. ವಾರ್ಡನ್," ಎಂದರು. ಆಮೇಲೆ ಬಾಯಿ ತೆರೆದರು. ಅದರ ಬಗ್ಗೆ ಇನ್ನೊಂದು ಮಾತು ಎಂದೂ ಆಡಲಿಲ್ಲ. ಮಣಿಕಟ್ಟು ಹಿಡಿಯುವುದೂ ನಿಂತಿತು.

ಸೂಜಿಗೆ ಹೆದರುವವರೆಲ್ಲ ಹೀಗೆಂದು ತಿಳಿಯಬೇಡಿ. ಹೆಚ್ಚಿನವರು ಬರೀ ಸೂಜಿಗೆ ಹೆದರುತ್ತಾರೆ, ನನ್ನ ಹಾಗೆ. ಸ್ವಲ್ಪ ಕಾಲ ನಾನು ಎಲ್ಲರ ಮುಖದಲ್ಲೂ ಗಾಯ ಹುಡುಕುತ್ತ ಪತ್ತೇದಾರನಾಗಿದ್ದೆ. ವತ್ಸಲಾ ಅದನ್ನೂ ಬಿಡಿಸಿದರು. "ಕೇಳಿ, ಆಮೇಲೆ ಸುಮ್ಮನಿರಿ. ಅವರ ಮುಖಾನ ಓದೋಕೆ ಹೋಗ್ಬೇಡಿ," ಎಂದರು.

ಮಕ್ಕಳ ಪದ್ಧತಿಯೂ ಬದಲಾಯಿತು. ತಲೆ ಹಿಡಿಯುವುದು ನಿಂತಿತು. ಗುಟ್ಟು ಎಂಬ ಪದವೇ ಕ್ಲಿನಿಕ್ಕಿನಲ್ಲಿ ಇಲ್ಲವಾಯಿತು. "ಇಲ್ಲಿ ನಾನು ಏನೇನು ಮಾಡಿದೆ, ಎಲ್ಲಾ ಮನೇಲಿ ಹೇಳಬೇಕು, ಒಂದೂ ಬಿಡಬಾರದು," ಎಂದು ಹೇಳಿ ಕಳಿಸುತ್ತಿದ್ದೆ. ಒಬ್ಬಳು ಪುಟ್ಟ ಹುಡುಗಿ ಅದನ್ನು ಶ್ರದ್ಧೆಯಿಂದ ಪಾಲಿಸಿ, ಡಾಕ್ಟರು ಗುದ್ದಲಿಯಿಂದ ಅಗೆದರು ಎಂದು ಇಡೀ ಬೀದಿಗೆ ಹೇಳಿದಳು. ಆ ಬೀದಿಯಿಂದ ಕೆಲವು ತಿಂಗಳು ಯಾರೂ ಬರಲಿಲ್ಲ. ದೊಡ್ಡ ಡಾಕ್ಟ್ರಿಗೆ ನನ್ನ ಹೊಸ ಪದ್ಧತಿಯನ್ನು ವಿವರಿಸಿದಾಗ ಅವರು, "ಮಗೂನ ಕೇಳ್ಕೊಂಡು ಹಲ್ಲು ಕೀಳ್ತೀಯೇನಯ್ಯ?" ಎಂದು ನಕ್ಕರು. ಹೊರಡುವಾಗ ಮೆಟ್ಟಿಲ ತನಕ ಬಂದು, "ಆ ಪ್ರಶ್ನೆ ಹೇಗೆ ಕೇಳ್ತೀಯ, ಇನ್ನೊಂದ್ಸಲ ಹೇಳು," ಎಂದರು.

ಏಪ್ರಿಲ್‌ನಲ್ಲಿ ವತ್ಸಲಾ ಆ ಗುಣವಾದ ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದರು. ಅಂದು ಕೂರಲೇ ಇಲ್ಲ.

"ನನ್ನ ತಮ್ಮನ ಮಗಳು ಮೇಘಾ. ರಜಕ್ಕೆ ಮಲ್ಲೇಶ್ವರಕ್ಕೆ, ಆ ಮಾವನ ಮನೆಗೆ ಕಳಿಸ್ತಿದಾರೆ. ಸೋಮವಾರ. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಇದಾಳೆ, ಮಾವ ಹೇಳ್ಕೊಡ್ತಾರಂತೆ. ನಾನು ಹೇಳ್ಕೊಡ್ತೀನಿ ಅಂದೆ. ನೀನು ಸ್ಕೂಲಲ್ಲಿ ದಣಿದಿರ್ತೀಯ, ಅವರಿಗೂ ಹೊತ್ತು ಹೋಗತ್ತೆ ಅಂದ್ರು ಅಮ್ಮ."

"ನಿಮ್ಮ ಅಮ್ಮಂಗೆ..."

"ಗೊತ್ತು. ಅವತ್ತೇ ಹೇಳಿದ್ದೆ. ಮುಖ ತೊಳ್ಕೊಂಡು ಬಾ, ಊಟ ಮಾಡು ಅಂದ್ರು."

ತಮ್ಮ ಶ್ರೀಧರನಿಗೆ ಹೇಳಬೇಕು, ಆದರೆ ಮನೆಯಲ್ಲಿ ಆಗದು. ಅಲ್ಲಿ ಯಾವ ಕೋಣೆಗೂ ಬಾಗಿಲು ಹಾಕುವ ರೂಢಿಯಿಲ್ಲ, ಅಮ್ಮ ಬಂದು ಮಧ್ಯೆ ಕೂರುತ್ತಾರೆ. "ಭಾನುವಾರ ನಿಮ್ಮ ವೇಟಿಂಗ್ ರೂಮ್ ಖಾಲಿ ಇರತ್ತಲ್ಲ? ನೀವು ಒಳಗಡೆ ಇರಿ. ಬಾಗಿಲು ತೆಗೆದಿರಲಿ."

ಆಗ ಮಕ್ಕಳ ರಕ್ಷಣೆಗೆಂದೇ ಇರುವ ಈಗಿನ ಕಾಯ್ದೆ ಬಂದಿರಲಿಲ್ಲ. ಈಗ ಒಂದು ಮಗುವಿಗೆ ಹೀಗಾಗಿದೆ, ಆಗಲಿದೆ ಎಂದು ನಿಮಗೆ ತಿಳಿದರೆ ಪೊಲೀಸರಿಗೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಕರ್ತವ್ಯ. ನನಗೆ ಆ ದಾರಿ ಗೊತ್ತಿರಲಿಲ್ಲ. ನನ್ನಲ್ಲಿದ್ದದ್ದು ಒಂದು ಖಾಲಿ ಕೋಣೆ.

ಶ್ರೀಧರ ಬಂದರು. ಒಬ್ಬರೇ ಬಂದರು. ಅಕ್ಕನಿಗೆ ಏನೋ ದೊಡ್ಡ ಕಾಯಿಲೆ, ಡಾಕ್ಟರ ಎದುರು ಹೇಳಲು ಕರೆದಿದ್ದಾಳೆ ಎಂದುಕೊಂಡು ಬಂದಿದ್ದರು. ನಾನು ಒಳಗೆ, ತೊಳೆದ ಇಕ್ಕಳಗಳನ್ನು ಮತ್ತೆ ತೊಳೆಯುತ್ತ ನಿಂತೆ. ವತ್ಸಲಾ ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, ನಿಲ್ಲಿಸದೆ, ಹೇಳಿದರು.

"ಅಕ್ಕ, ಅವರು ನಂಗೂ ಲೆಕ್ಕ ಹೇಳ್ಕೊಟ್ಟೋರು."

"ಹೌದು."

"ನಂಗೇನೂ ಮಾಡಲಿಲ್ಲ."

"ಗೊತ್ತು ಕಣೋ. ನಿನ್ನ ಒಳಗೆ ಕರೆದಾಗೆಲ್ಲ ನಾನು ಬಾಗಿಲಲ್ಲೇ ನಿಂತಿರ್ತಿದ್ದೆ."

"ನೀನು ಚಿಕ್ಕೋಳಿದ್ದೆ. ಏನೋ ತಪ್ಪು ತಿಳ್ಕೊಂಡಿರಬಹುದು ಅಲ್ವಾ?"

ಇಕ್ಕಳ ಹಿಡಿದ ನನ್ನ ಕೈ ನಿಂತಿತು. ವತ್ಸಲಾ ಇಲ್ಲೇ ನಿಲ್ಲಿಸಿಬಿಡುತ್ತಾರೆ ಎಂದುಕೊಂಡೆ.

"ನಾನು ಲೆಕ್ಕದಲ್ಲಿ ನೂರಕ್ಕೆ ನೂರು ತಗೊಳೋಕೆ ಶುರು ಮಾಡಿದ್ದು ಯಾವಾಗ, ನೆನಪಿದೆಯಾ?" ಎಂದರು ವತ್ಸಲಾ. "ಐದನೇ ಕ್ಲಾಸು. ಮಗ್ಗಿ ಸರಿಯಾಗಿ ಬರದೋಳು ಒಂದೇ ವರ್ಷದಲ್ಲಿ ಫಸ್ಟ್ ಬಂದೆ. ಅಪ್ಪ ಎಲ್ಲರಿಗೂ ಸ್ವೀಟ್ ಹಂಚಿದ್ರು. ಯಾಕೆ ಗೊತ್ತಾ? ಲೆಕ್ಕ ಬಂದ್ರೆ ಆ ಮನೆಗೆ ಪಾಠಕ್ಕೆ ಹೋಗೋದು ತಪ್ಪತ್ತೆ ಅಂತ. ನಾನು ಟೀಚರ್ ಆಗಿದ್ದು ಹಾಗೆ ಶ್ರೀಧರ. ಮೇಘಂಗೆ ಲೆಕ್ಕ ಅಷ್ಟು ಬೇಗ ಬರಲ್ಲ."

ಶ್ರೀಧರ ಎದ್ದು ಒಳಗೆ ಬಂದರು. ನನ್ನ ಎದುರು ನಿಂತು, "ನೀವು ನಂಬ್ತೀರಾ?" ಎಂದರು.

"ನಂಬ್ತೀನಿ. ಕೀವು ತುಂಬಿದ ಹಲ್ಲಿನ ನೋವನ್ನ ಯಾರೂ ಸುಮ್ಮನೆ ತಡ್ಕೊಳಲ್ಲ ಸರ್. ನಿಮ್ಮಕ್ಕ ಅದನ್ನ ತಡ್ಕೊಂಡ್ರು, ಈ ಕುರ್ಚೀಲಿ ಮಲಗೋದನ್ನ ತಡ್ಕೊಳೋಕೆ ಆಗಲಿಲ್ಲ."

ಅವರು ಕುರ್ಚಿಯನ್ನು ನೋಡಿದರು. ಆಮೇಲೆ ಫೋನ್ ಎಲ್ಲಿದೆ ಎಂದು ಕೇಳಿ ಮನೆಗೆ ಮಾಡಿದರು. "ಮೇಘಾ ನಾಳೆ ಹೋಗಲ್ಲ... ಇಲ್ಲ, ನಾಡಿದ್ದೂ ಇಲ್ಲ... ಬಂದು ಹೇಳ್ತೀನಿ... ಅಮ್ಮ ಕೇಳಿದ್ರೆ ನಾನೇ ಬೇಡ ಅಂದೆ ಅನ್ನು." ರಿಸೀವರ್ ಇಟ್ಟು ಹೊರಗೆ ಹೋಗಿ, ಅಕ್ಕನ ಪಕ್ಕದ ಬೆಂಚಿನಲ್ಲಿ ಕೂತರು. ನಾನು ಇಕ್ಕಳ ತೊಳೆದೆ.

ಮೇಘಾ ಆ ಮನೆಯಲ್ಲಿ ಹಿಂದೆ ಎಂದೂ ಒಬ್ಬಳೇ ಉಳಿದಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿದರು, ಏನೂ ಆಗಿರಲಿಲ್ಲ. ಮಾವನ ಮನೆಗೆ ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿದ್ದ ನೆಂಟರ ಮನೆಗಳಿಗೆಲ್ಲ ಶ್ರೀಧರ ತಾವೇ ಹೋಗಿ ಹೇಳಿದರು. ಕೆಲವರು ನಂಬಿದರು. ಕೆಲವರು ನಂಬುವುದಿಲ್ಲ ಎಂದರು, ಆದರೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಪಾಠ ನಿಂತಿತು. ಆ ಮನುಷ್ಯನಿಗೆ ಮಾತ್ರ ಕೊನೆಯ ತನಕ ಏನೂ ಆಗಲಿಲ್ಲ. ಅದು ಸಣ್ಣದಲ್ಲ, ಅದಕ್ಕೆ ನನ್ನಲ್ಲಿ ಸಮಾಧಾನವೂ ಇಲ್ಲ. ಆದರೆ ಆ ಭಾನುವಾರಕ್ಕೆಂದು ನಾನು ಹೆದರಿ ಕೂತದ್ದರಲ್ಲಿ ಒಂದೂ ನಡೆಯಲಿಲ್ಲ. ಕೆಟ್ಟದ್ದು ನಾನು ಯೋಚಿಸಿಯೇ ಇರದ ಒಂದು ಸಂಗತಿ. ಎರಡು ವಾರದ ಮೇಲೆ ಕ್ಯಾಪ್ ಹಾಕಿಸಲು ಬಂದ ವತ್ಸಲಾ ಅವರಿಂದ ಅದು ತಿಳಿಯಿತು.

"ಮೇಘಾ ಹೇಗಿದಾಳೆ?" ಎಂದು ಕೇಳಿದೆ.

"ನನ್ನ ಜೊತೆ ಠೂ ಬಿಟ್ಟಿದಾಳೆ ಡಾಕ್ಟ್ರೇ. ಆ ಮನೇಲಿ ಉಯ್ಯಾಲೆ ಇದೆಯಂತೆ, ನಾಯಿ ಮರಿ ಹಾಕಿದೆಯಂತೆ. ಅತ್ತೆ ಅಪ್ಪನ ಹತ್ರ ಚಾಡಿ ಹೇಳಿ ರಜ ಹಾಳು ಮಾಡಿದ್ರು ಅಂತ ಮನೆಯೆಲ್ಲ ಹೇಳ್ಕೊಂಡು ಓಡಾಡ್ತಿದಾಳೆ."

"ನೀವೇನಂದ್ರಿ?"

"ಹೌದಮ್ಮ, ಹಾಳು ಮಾಡ್ದೆ ಅಂದೆ. ಮುಖ ತಿರುಗಿಸ್ಕೊಂಡು ಹೋದ್ಲು."

"ಎಷ್ಟು ದಿನವಂತೆ ಈ ಠೂ?"

ವತ್ಸಲಾ ಕುರ್ಚಿ ಹತ್ತಿ ಕೂತು, ನಳಿಕೆಯನ್ನು ಕೈಗೆ ತೆಗೆದುಕೊಂಡರು. "ಸ್ಕೂಲು ಶುರುವಾಗೋವರೆಗೂ ಅಂತೆ. ನನಗೆ ನೇರ ಹೇಳಲ್ಲವಲ್ಲ, ಅವಳಮ್ಮನ ಕೈಲಿ ಹೇಳಿ ಕಳಿಸಿದಾಳೆ."